ಉಣ್ಣೆಯ ಪ್ರೆಸ್ಸಿಂಗ್ ಮ್ಯಾಟ್: ಕೊಳ್ಳುವುದರಿಂದ ಹಿಡಿದು ಕ್ವಿಲ್ಟ್ ಬ್ಲಾಕ್ ಸೊಟ್ಟಾಗದಂತೆ ಒತ್ತುವವರೆಗೆ

ಕತ್ತರಿಸುವಾಗ ಅಳತೆ ಸರಿಯಿತ್ತು. ಹೊಲಿಗೆಯೂ ಕಾಲು ಇಂಚಿಗೆ ಸರಿಯಾಗಿ ಬಿದ್ದಿತ್ತು. ಇಸ್ತ್ರಿ ಮಾಡಿದ ಮೇಲೆ ನೋಡಿದರೆ ತುಂಡುಗಳನ್ನು ಜೋಡಿಸಿ ಹೊಲಿದ ಚೌಕದ, ಅಂದರೆ ಬ್ಲಾಕಿನ, ಒಂದು ಬದಿ 6½ ಇಂಚು, ಎದುರಿನ ಬದಿ 6⅜ ಇಂಚು. ನಡುವೆ ಬಟ್ಟೆ ಹಪ್ಪಳದಂತೆ ಉಬ್ಬಿದೆ. ಇಸ್ತ್ರಿ ಮಾಡುವಾಗ ಬಟ್ಟೆಯಡಿ ಹಾಸುವ ಉಣ್ಣೆಯ ಮ್ಯಾಟ್ ಇದ್ದರೆ ಇದೆಲ್ಲ ಸರಿಹೋಗುತ್ತದೆಂದು ಕೇಳಿ ದುಡ್ಡು ಕೊಟ್ಟು ತಂದವರು, ಮ್ಯಾಟ್ ಬಂದ ಮೇಲೂ ಅದೇ ಸೊಟ್ಟ ಬ್ಲಾಕ್ ಹಿಡಿದು ಕೂತಿರುತ್ತಾರೆ. ಬಹುಪಾಲು ಸಲ ತಪ್ಪು ಮೂರರಲ್ಲಿ ಒಂದು: ಇಸ್ತ್ರಿಯನ್ನು ಉಜ್ಜಿರುತ್ತಾರೆ, ಬಿಸಿಯಿರುವಾಗಲೇ ಬಟ್ಟೆ ಎತ್ತಿರುತ್ತಾರೆ, ಇಲ್ಲವೇ ಹಬೆ ಹೆಚ್ಚು ಬಿಟ್ಟಿರುತ್ತಾರೆ. ಮೂರನ್ನೂ ತಿದ್ದಿಕೊಳ್ಳಬಹುದು, ಆದರೆ ಕ್ರಮ ತಪ್ಪಬಾರದು.

ಮ್ಯಾಟಿನ ಕೆಲಸ ಇಷ್ಟೇ. ಒತ್ತೊತ್ತಾಗಿ ಹೆಣೆದುಕೊಂಡ ಉಣ್ಣೆಯೊಳಗೆ ಗಾಳಿ ತುಂಬಿರುತ್ತದೆ, ಶಾಖ ಬೇಗ ಕೆಳಗೆ ಇಳಿದು ಹೋಗುವುದಿಲ್ಲ. ಬಟ್ಟೆಗೆ ಮೇಲಿನಿಂದ ಇಸ್ತ್ರಿಯ ಕಾವು, ಕೆಳಗಿನಿಂದ ಮ್ಯಾಟಿನ ಕಾವು ಎರಡೂ ಸಿಗುತ್ತವೆ. ಉಣ್ಣೆಯ ಎಳೆಗಳ ಹುರುಪೆಯಂಥ ಮೈ ಬಟ್ಟೆಯನ್ನು ಹಿಡಿದುಕೊಳ್ಳುವುದರಿಂದ ಸಣ್ಣ ತುಂಡುಗಳು ಜಾರುವುದಿಲ್ಲ. ಹೊಲಿಗೆಯ ದಪ್ಪ ಭಾಗ ಮೆತ್ತನೆಯ ಮ್ಯಾಟಿನೊಳಗೆ ಇಳಿಯುತ್ತದೆ, ಸೀದಾ ಬದಿಯಲ್ಲಿ ಹೊಲಿಗೆಯಾಚೆ ಬಿಟ್ಟ ಬಟ್ಟೆಯಂಚಿನ, ಅಂದರೆ ಮಾರ್ಜಿನ್‌ನ ಗುರುತು ಹೊಳೆಯುತ್ತ ಎದ್ದು ಕಾಣುವುದಿಲ್ಲ. ಇವೇ ಗುಣಗಳು ಕೈ ತಪ್ಪಿದರೆ ಕೆಡುಕನ್ನೂ ಮಾಡುತ್ತವೆ. ಅದು ಐದನೆಯ ಹಂತದಲ್ಲಿ ಬರುತ್ತದೆ.

ಬೇಕಾಗುವ ಸಾಮಾನು

ಉಣ್ಣೆಯ ಮ್ಯಾಟ್, ಇಸ್ತ್ರಿ ಪೆಟ್ಟಿಗೆ, ನೀರು ಚಿಮುಕಿಸುವ ಬಾಟಲಿ, ತೊಳೆದ ಬಿಳಿ ಮಲ್‌ಮಲ್ ಬಟ್ಟೆ ಎರಡು ತುಂಡು, ಗಾಜಿನ ತಲೆಯ ಗುಂಡುಪಿನ್ನುಗಳು, ಕ್ವಿಲ್ಟಿಂಗ್ ಸ್ಕೇಲ್, ಬಟ್ಟೆ ಬ್ರಶ್. ಪ್ಲಾಸ್ಟಿಕ್ ತಲೆಯ ಪಿನ್ನು ಬೇಡ, ಇಸ್ತ್ರಿಗೆ ತಗುಲಿದರೆ ಕರಗಿ ಬಟ್ಟೆಗೆ ಅಂಟುತ್ತದೆ.

ಇಸ್ತ್ರಿ ಎತ್ತಿದ ಮೇಲೆ ಹೊಲಿಗೆಯ ಮೇಲಿಟ್ಟು ಒತ್ತಲು ಒಂದು ಮರದ ಒತ್ತುದಿಮ್ಮಿಯೂ ಇದ್ದರೆ ಕೆಲಸ ಅರ್ಧ ಹಗುರ. ಕೈಯಲ್ಲಿ ಹಿಡಿಯುವಂತೆ ಸುಮಾರು 10 ಇಂಚು ಉದ್ದ, 2½ ಇಂಚು ಅಗಲ, 1½ ಇಂಚು ದಪ್ಪವಿರಲಿ. ಪಾಲಿಶ್, ವಾರ್ನಿಶ್ ಏನೂ ಹಚ್ಚಿರಬಾರದು. ಮರದ ಆಯ್ಕೆಯಲ್ಲಿ ಎಚ್ಚರವಿರಲಿ: ತೇಗದಲ್ಲಿ ಎಣ್ಣೆಯಂಶವಿದೆ, ಹಲಸಿನ ಮರ ಹಬೆಗೆ ಹಳದಿ ಬಣ್ಣ ಬಿಡುತ್ತದೆ. ಬಡಗಿಯ ಹತ್ತಿರ ಮಾಡಿಸುವುದಾದರೆ ಬೀಚ್ (beech) ಮರದಂಥ ಬಣ್ಣ ಬಿಡದ ಗಟ್ಟಿ ಮರ ಕೇಳಿ. ಯಾವ ಮರವೆಂದು ಖಾತ್ರಿಯಿಲ್ಲದಿದ್ದರೆ ಬಿಳಿ ಮಲ್‌ಮಲ್‌ನಲ್ಲಿ ಸುತ್ತಿಯೇ ಬಳಸಿ.

ಹಂತ 1: ಮ್ಯಾಟಿಗಿಂತ ಮೊದಲು ಅದರ ಅಡಿಯ ಜಾಗ

ಮ್ಯಾಟ್ ಕೊಂಡ ಮೇಲೆ ಎಲ್ಲಿಡುವುದೆಂದು ಯೋಚಿಸುವವರೇ ಹೆಚ್ಚು. ಅದನ್ನು ಮೊದಲೇ ತೀರ್ಮಾನಿಸಿ, ಏಕೆಂದರೆ ಎಷ್ಟು ದೊಡ್ಡ ಮ್ಯಾಟ್ ಹಿಡಿಸುತ್ತದೆಂಬುದು ಆ ಜಾಗದಿಂದಲೇ ತೀರ್ಮಾನವಾಗುತ್ತದೆ. ಮ್ಯಾಟಿನ ಕೆಳಗೆ ಶಾಖ ಕಡಿಮೆ ಇಳಿಯುತ್ತದೆಯೇ ಹೊರತು ಇಳಿಯುವುದೇ ಇಲ್ಲವೆಂದಲ್ಲ. ಹಬೆಯಂತೂ ನೇರವಾಗಿ ಅಡಿಗೆ ಹೋಗಿ ಅಲ್ಲೇ ಕೂರುತ್ತದೆ.

ಪಾಲಿಶ್ ಹಾಕಿದ ಊಟದ ಮೇಜಿನ ಮೇಲಿಟ್ಟರೆ ಪಾಲಿಶ್ ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಸನ್‌ಮೈಕಾ ಮೇಜಿನಲ್ಲಿ ಅಂಚಿನ ಅಂಟು ಬಿಡುತ್ತದೆ. ಗಾಜಿನ ಮೇಜು ಬೇಡವೇ ಬೇಡ. ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ರೋಟರಿ ಕಟರ್ (ಚಕ್ರದಂತೆ ಉರುಳುವ ಬ್ಲೇಡು) ಬಳಸುವ ಹಸಿರು ಕಟಿಂಗ್ ಮ್ಯಾಟಿನ ಮೇಲೆ ಇಟ್ಟಾಗ. ಅದು ಪ್ಲಾಸ್ಟಿಕ್. ಕಾವು ತಗುಲಿದರೆ ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ಮತ್ತೆ ಮಟ್ಟವಾಗುವುದಿಲ್ಲ. ಮೇಲೆ ಅರ್ಧ ಇಂಚು ಉಣ್ಣೆ ಇದೆಯಲ್ಲ ಎಂಬ ಧೈರ್ಯಕ್ಕೆ ಹೀಗೆ ಕಟಿಂಗ್ ಮ್ಯಾಟ್ ಕಳೆದುಕೊಂಡವರು ಬಹಳ ಮಂದಿ.

ಒಳ್ಳೆಯದು ಬರೀ ಪ್ಲೈವುಡ್ ಹಲಗೆ. 12 ಮಿ.ಮೀ. ದಪ್ಪದ್ದನ್ನು ಮ್ಯಾಟಿಗಿಂತ ಎಲ್ಲ ಕಡೆ ಒಂದು ಇಂಚು ಹೆಚ್ಚಿಗೆ ಬರುವಂತೆ ಕತ್ತರಿಸಿಕೊಂಡು ಮೇಲೆ ಹತ್ತಿ ಬಟ್ಟೆ ಬಿಗಿಯಾಗಿ ಎಳೆದು ಹೊದಿಸಿ. ಅದು ಹಬೆಯನ್ನು ಸ್ವಲ್ಪ ಹೀರುತ್ತದೆ, ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು. ಅಡುಗೆಮನೆಯ ಗ್ರಾನೈಟ್ ಇಲ್ಲವೇ ಕಡಪ ಕಲ್ಲಿನ ಕಟ್ಟೆಯೂ ಶಾಖ ತಡೆಯುತ್ತದೆ. ಆದರೆ ತಣ್ಣಗಿನ ಕಲ್ಲಿಗೆ ಹಬೆ ತಾಗಿ ನೀರಾಗಿ ಮ್ಯಾಟಿನ ಅಡಿಯಲ್ಲಿ ನಿಲ್ಲುತ್ತದೆ. ಕಲ್ಲಿನ ಮೇಲೆ ಕೆಲಸ ಮಾಡುವವರು ಮಡಚಿದ ಹತ್ತಿ ಟವೆಲ್ ಹಾಸಿ ಅದರ ಮೇಲೆ ಮ್ಯಾಟ್ ಇಡಬೇಕು.

ಇಸ್ತ್ರಿ ಪೆಟ್ಟಿಗೆ ನಿಲ್ಲಿಸಲು ಬೇರೆ ಜಾಗ ಪಕ್ಕದಲ್ಲೇ ಇರಲಿ. ಮ್ಯಾಟ್ ಮೆತ್ತಗಿರುವುದರಿಂದ ಅದರ ಮೇಲೆ ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದರೆ ವಾಲಿ ಬೀಳುತ್ತದೆ.

ಹಂತ 2: ಅಳತೆ ಮತ್ತು ದಪ್ಪ

ದಪ್ಪ ಅರ್ಧ ಇಂಚು, ಅಂದರೆ 12ರಿಂದ 13 ಮಿ.ಮೀ. ಇರಲಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ತೆಳ್ಳಗಿನವೂ ಸಿಗುತ್ತವೆ, ಬೆಲೆಯೂ ಕಡಿಮೆ. ಆದರೆ ದಪ್ಪ ಕಡಿಮೆಯಾದಷ್ಟೂ ಕಾವು ನಿಲ್ಲುವುದೂ ಕಡಿಮೆ, ಅಡಿಯ ಮೇಜಿಗೆ ಅಪಾಯವೂ ಹೆಚ್ಚು, ಪಿನ್ನು ಚುಚ್ಚಿ ನಿಲ್ಲಿಸಲೂ ಆಗುವುದಿಲ್ಲ.

ಅಳತೆಗೆ ಸುಲಭದ ಲೆಕ್ಕವಿದೆ. ನೀವು ಸಾಮಾನ್ಯವಾಗಿ ಹೊಲಿಯುವ ಅತಿ ದೊಡ್ಡ ಬ್ಲಾಕಿಗಿಂತ ಮ್ಯಾಟ್ ಕನಿಷ್ಠ 2 ಇಂಚು ದೊಡ್ಡದಿರಬೇಕು. 12½ ಇಂಚಿನ ಬ್ಲಾಕ್ ಮಾಡುವವರಿಗೆ 17 × 17 ಇಂಚಿನದು ಆರಾಮ. 6½ ಇಂಚಿನ ಬ್ಲಾಕುಗಳಷ್ಟೇ ಮಾಡುವವರಿಗೆ 9 × 9 ಇಂಚಿನದೇ ಸಾಕು, ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡು ಎದ್ದು ಹೋಗದೆ ಒತ್ತಬಹುದು. ಉದ್ದುದ್ದ ಪಟ್ಟಿಗಳನ್ನು ಜೋಡಿಸುವವರು 12 × 18 ಇಂಚಿನಂಥ ಆಯತದ ಮ್ಯಾಟ್ ನೋಡಲಿ. ಇಡೀ ಕ್ವಿಲ್ಟ್ ಮೇಲ್ಹಾಸನ್ನು ಒತ್ತಲೆಂದು ಎರಡು ಅಡಿ, ಮೂರು ಅಡಿಯದ್ದನ್ನು ಮೊದಲ ಸಲವೇ ಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಅದು ಭಾರ, ಒಣಗಿಸುವುದು ಕಷ್ಟ, ಕೊನೆಗೆ ಮಂಚದ ಕೆಳಗೆ ಸೇರುತ್ತದೆ. ಬ್ಲಾಕುಗಳನ್ನು ಒಂದೊಂದಾಗಿ ಸರಿಯಾಗಿ ಒತ್ತಿದ್ದರೆ ಮೇಲ್ಹಾಸಿಗೆ ಕೊನೆಯಲ್ಲಿ ಹೆಚ್ಚೇನೂ ಬೇಕಾಗುವುದಿಲ್ಲ.

ಹಂತ 3: ನಿಜವಾದ ಉಣ್ಣೆಯೇ ಎಂದು ಪರೀಕ್ಷಿಸುವುದು

ಚೀಟಿಯಲ್ಲಿ ನೂರಕ್ಕೆ ನೂರು ಉಣ್ಣೆ ಎಂದಿರಬೇಕು. ಬರೀ "ಫೆಲ್ಟ್" (ನೇಯದೆ ಎಳೆಗಳನ್ನು ಒತ್ತಿ ಮಾಡಿದ ಹಾಸು) ಎಂದಿದ್ದರೆ ಅದು ಪಾಲಿಯೆಸ್ಟರ್ ಆಗಿರಬಹುದು. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಮೆತ್ತಗಾಗುವುದು ಅದಕ್ಕೂ ಮೊದಲೇ. ಹತ್ತಿಗೆ ಇಡುವ ಮೂರು ಚುಕ್ಕೆಯ ಇಸ್ತ್ರಿ ಸುಮಾರು 200 ಡಿಗ್ರಿವರೆಗೆ ಕಾಯುತ್ತದೆ, ಅದರ ಕಾವು ಒಮ್ಮೊಮ್ಮೆ ಏರಿಳಿಯುವುದೂ ಉಂಟು. ಕರಗಿದ ಫೆಲ್ಟ್ ನಿಮ್ಮ ಬ್ಲಾಕಿನ ಬೆನ್ನಿಗೆ ಅಂಟಿದರೆ ಬಿಡಿಸಲಾಗದು.

ಮನೆಗೆ ಬಂದ ಕೂಡಲೇ ಸುಡುವ ಪರೀಕ್ಷೆ ಮಾಡಿ. ಮ್ಯಾಟಿನ ಅಂಚಿನಿಂದ ಚಿಟಿಕೆಯಷ್ಟು ಎಳೆ ಕಿತ್ತು ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ, ಕರಿ ಹೊಗೆ ಬಂದು, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಪುಡಿಯೂ ಮಣಿಯೂ ಎರಡೂ ಕಂಡರೆ ಮಿಶ್ರಣವೆಂದು ಅರ್ಥ, ಹಿಂದಿರುಗಿಸಿ. ಎಳೆಯನ್ನು ಮ್ಯಾಟಿನ ಒಂದು ಕಡೆಯಿಂದಷ್ಟೇ ಕೀಳಬೇಡಿ. ಮೇಲೆ ಉಣ್ಣೆ, ಒಳಗೆ ಬೇರೆ ಇದ್ದರೆ ಅಂಚಿನ ನಡುಭಾಗದ ಎಳೆಯಲ್ಲೇ ಗೊತ್ತಾಗುವುದು.

ಅಂಗಡಿಯಲ್ಲೇ ನೋಡುವಂತಿದ್ದರೆ ಒಂದೇ ಅಳತೆಯ ಎರಡು ಮ್ಯಾಟ್ ಎತ್ತಿ ನೋಡಿ. ಭಾರ ಹೆಚ್ಚಿರುವುದರಲ್ಲಿ ಉಣ್ಣೆ ಒತ್ತಾಗಿದೆ. ಹೆಬ್ಬೆರಳಲ್ಲಿ ನಡುವೆ ಒತ್ತಿ ಬಿಟ್ಟರೆ ತಗ್ಗು ಕೂಡಲೇ ಏಳಬೇಕು. ಬೆಳಕಿಗೆ ಹಿಡಿದಾಗ ಅಲ್ಲಲ್ಲಿ ತೆಳುವಾಗಿ ಕಂಡರೆ ಬೇಡ. ಹುಲ್ಲಿನ ಸಣ್ಣ ಚೂರುಗಳು ಕಂಡರೆ ಚಿಂತೆಯಿಲ್ಲ, ಕುರಿಯ ಮೈಮೇಲೆ ಬಂದವು, ಚಿಮಟದಲ್ಲಿ ತೆಗೆದರಾಯಿತು. ಸೀಮೆಎಣ್ಣೆಯಂಥ ಇಲ್ಲವೇ ಅಂಟಿನ ವಾಸನೆ ಬಂದರೆ ಮಾತ್ರ ಕೊಳ್ಳಬೇಡಿ, ಕಾವಿಗೆ ಅದು ಇನ್ನೂ ಹೆಚ್ಚುತ್ತದೆ.

ಕಂಬಳಿಯನ್ನೇ ಮಡಚಿ ಬಳಸಬಹುದೇ ಎಂಬ ಪ್ರಶ್ನೆ ನಮ್ಮಲ್ಲಿ ಸಹಜ. ಬೀದಿಯ ಇಸ್ತ್ರಿ ಅಂಗಡಿಗಳ ಮೇಜಿನ ಮೇಲೆ ಬಿಳಿ ಬಟ್ಟೆಯ ಕೆಳಗೆ ಇರುವುದು ಮಡಚಿದ ಕಂಬಳಿಯೇ ತಾನೆ. ಬಳಸಬಹುದು, ಎರಡು ಎಚ್ಚರದೊಂದಿಗೆ. ಚಳ್ಳಕೆರೆ ಕಡೆಯ ಕೈಮಗ್ಗದ ಕರಿ ಕಂಬಳಿಗೆ ನೇಯುವಾಗ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಹೊಸ ಕಂಬಳಿಯ ಮೇಲೆ ಹಬೆ ಬಿಟ್ಟರೆ ಆ ಗಂಜಿ ಮೆತ್ತಗಾಗಿ ಬಟ್ಟೆಗೆ ಅಂಟುತ್ತದೆ, ಕಾವು ಹೆಚ್ಚಾದರೆ ಕಂದು ಕಲೆ ಬೀಳುತ್ತದೆ. ಹಲವು ಸಲ ನೆನೆದು ಒಣಗಿ ಗಂಜಿ ಬಿಟ್ಟ ಹಳೆಯ ಕಂಬಳಿಯೇ ಆಗಬೇಕು. ಎರಡನೆಯದಾಗಿ, ಮಡಿಕೆಯ ಏಣು ಬ್ಲಾಕಿನ ಮೇಲೆ ಮೂಡುತ್ತದೆ. ಮಡಚುವ ಬದಲು ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸಿ, ಅರ್ಧ ಇಂಚು ದಪ್ಪವಾಗುವವರೆಗೆ ಒಂದರ ಮೇಲೊಂದಿಟ್ಟು, ಸುತ್ತಲೂ ದೊಡ್ಡ ಸೂಜಿಯಲ್ಲಿ ಕೌದಿ ಹೊಲಿದಂತೆ ಹೊಲಿಯಿರಿ. ಕಂಬಳಿ ನೇಯ್ದದ್ದು, ಮ್ಯಾಟಿನಷ್ಟು ಒತ್ತಾಗಿರುವುದಿಲ್ಲ. ಕಾವು ಬೇಗ ಆರುತ್ತದೆ ಎಂಬುದು ನೆನಪಿರಲಿ. ಬಿಳಿ ಬಟ್ಟೆಗೆ ಕರಿ ಕೂದಲು ಹತ್ತದಂತೆ ಮೇಲೆ ಮಲ್‌ಮಲ್ ಹಾಸುವುದು ಕಡ್ಡಾಯ.

ಹಂತ 4: ಮೊದಲ ದಿನದ ತಯಾರಿ

ಕೊರಿಯರ್‌ನಲ್ಲಿ ಸುರುಳಿಯಾಗಿ ಬಂದಿದ್ದರೆ ಬಿಚ್ಚಿ, ಸುರುಳಿಯ ಹೊರಮೈ ಮೇಲಾಗುವಂತೆ ಮಟ್ಟಸ ನೆಲದಲ್ಲಿಟ್ಟು, ಮೇಲೆ ಹಲಗೆ ಮತ್ತು ಪುಸ್ತಕಗಳ ಭಾರ ಹೇರಿ ಒಂದು ದಿನ ಬಿಡಿ. ಆಮೇಲೆ ಅರ್ಧ ದಿನ ನೆರಳಿನ ಗಾಳಿಗೆ. ಬ್ರಶ್‌ನಲ್ಲಿ ಎರಡೂ ಬದಿ ಒಂದೇ ದಿಕ್ಕಿಗೆ ಉಜ್ಜಿ ಬಿಡಿ ಜುಂಗು ತೆಗೆಯಿರಿ.

ಈಗ ಬಣ್ಣದ ಪರೀಕ್ಷೆ. ಬಿಳಿ ಮಲ್‌ಮಲ್ ತುಂಡನ್ನು ಒದ್ದೆ ಮಾಡಿ ಹಿಂಡಿ ಮ್ಯಾಟಿನ ಮೇಲೆ ಹಾಸಿ, ಬಿಸಿ ಇಸ್ತ್ರಿಯನ್ನು 10 ಸೆಕೆಂಡು ಒತ್ತಿ. ತಿರುಗಿಸಿ ನೋಡಿ. ಬೂದು, ನೀಲಿ ಛಾಯೆ ಏನಾದರೂ ಕಂಡರೆ ಮ್ಯಾಟಿಗೆ ಹಾಕಿದ ಬಣ್ಣ ಬಿಡುತ್ತಿದೆ. ಮೂರು ಸಲ ಬೇರೆ ಬೇರೆ ಜಾಗದಲ್ಲಿ ಮಾಡಿ. ಮೂರನೆಯ ಸಲವೂ ಬಿಟ್ಟರೆ ಆ ಮ್ಯಾಟಿನ ಮೇಲೆ ತಿಳಿ ಬಣ್ಣದ ಬಟ್ಟೆ ಇಡಬೇಡಿ.

ಹಬೆ ತಾಗಿದಾಗ ಒದ್ದೆ ಕುರಿಯ ವಾಸನೆ ಬರುತ್ತದೆ. ಅದು ದೋಷವಲ್ಲ, ಉಣ್ಣೆಯ ಗುಣ, ಒಣಗಿದ ಮೇಲೆ ಹೋಗುತ್ತದೆ. ಅದಕ್ಕೆಂದು ಸುಗಂಧ ದ್ರವ್ಯ ಚಿಮುಕಿಸಬೇಡಿ, ಕಾವಿಗೆ ಕಲೆಯಾಗುತ್ತದೆ.

ಹಂತ 5: ಹೊಲಿಗೆ ಒತ್ತುವುದು

ಬಹುತೇಕ ಬ್ಲಾಕುಗಳು ಕೆಡುವುದು ಈ ಹಂತದಲ್ಲೇ. ಎರಡು ಚೌಕ ತುಂಡು ಜೋಡಿಸಿದ ಹೊಲಿಗೆಯೊಂದನ್ನು ಇಟ್ಟುಕೊಂಡು ನಿಧಾನಕ್ಕೆ ನೋಡೋಣ: 3½ ಇಂಚಿನ ಒಂದು ಬಿಳಿ, 3½ ಇಂಚಿನ ಒಂದು ಗಾಢ ನೀಲಿ, ಎರಡೂ ಹತ್ತಿ.

ಇಸ್ತ್ರಿಯ ಕಾವು: ಇಸ್ತ್ರಿಯ ಮೇಲಿನ ಒಂದು ಚುಕ್ಕೆ ಸುಮಾರು 110 ಡಿಗ್ರಿ, ಎರಡು ಚುಕ್ಕೆ 150, ಮೂರು ಚುಕ್ಕೆ 200 ಡಿಗ್ರಿವರೆಗಿನ ಕಾವು. ಹತ್ತಿಗೆ ಮೂರು ಚುಕ್ಕೆ ಎಂದರೂ, ಉಣ್ಣೆಗೆ ಹೇಳಿರುವುದು ಎರಡೇ. ಮ್ಯಾಟಿನ ಮೇಲೆ ಕೆಳಗಿನ ಕಾವೂ ಸೇರುವುದರಿಂದ ಎರಡು ಮತ್ತು ಮೂರು ಚುಕ್ಕೆಗಳ ನಡುವೆ ಇಡಿ. ಇಸ್ತ್ರಿಯ ತಳ ಬಟ್ಟೆಯನ್ನಷ್ಟೇ ಮುಟ್ಟಬೇಕು, ಬರಿಯ ಮ್ಯಾಟನ್ನಲ್ಲ. ಸಣ್ಣ ತುಂಡು ಒತ್ತುವಾಗ ಇಸ್ತ್ರಿ ಹೊರಚಾಚಿ ಮ್ಯಾಟಿಗೆ ತಗುಲಿಯೇ ತಗುಲುತ್ತದೆ, ಹಾಗಾಗಿ ಮೊದಲೇ ಮಲ್‌ಮಲ್ ಹಾಸಿಕೊಂಡಿದ್ದರೆ ಮ್ಯಾಟ್ ಸೀಯುವುದಿಲ್ಲ. ಎರಡು ಕೆ.ಜಿ. ಹತ್ತಿರದ ಭಾರದ ಹಳೆಯ ಡ್ರೈ ಐರನ್ ಮನೆಯಲ್ಲಿದ್ದರೆ ಅದೇ ಉತ್ತಮ. ಭಾರವೇ ಕೆಲಸ ಮಾಡುತ್ತದೆ, ತೂತುಗಳಿಲ್ಲದ ತಳ ಸಮನಾಗಿ ಒತ್ತುತ್ತದೆ.

ಮೊದಲು ಹೊಲಿಗೆಯನ್ನು ಕೂರಿಸುವುದು: ಯಂತ್ರದಿಂದ ತೆಗೆದ ಹಾಗೆಯೇ, ಬಿಚ್ಚದೆ, ನೀಲಿ ತುಂಡು ಮೇಲೆ ಬರುವಂತೆ, ಹೊಲಿಗೆ ನಿಮ್ಮಿಂದ ಆಚೆ ಇರುವಂತೆ ಮ್ಯಾಟಿನ ಮೇಲಿಡಿ. ಹೊಲಿಗೆಯ ಗೆರೆಯ ಮೇಲೆ ಇಸ್ತ್ರಿಯನ್ನು 2-3 ಸೆಕೆಂಡು ಇಟ್ಟು ಎತ್ತಿ. ದಾರ ಬಟ್ಟೆಯೊಳಗೆ ಇಳಿದು ಕೂರುತ್ತದೆ, ಹೊಲಿಯುವಾಗ ಬಿದ್ದ ಸಣ್ಣ ನೆರಿಗೆ ಹೋಗುತ್ತದೆ. ಇದನ್ನು ಬಿಟ್ಟು ನೇರವಾಗಿ ಬಿಚ್ಚಿ ಒತ್ತುವವರ ಹೊಲಿಗೆ ಅಲೆಅಲೆಯಾಗಿಯೇ ಉಳಿಯುತ್ತದೆ.

ಬಿಚ್ಚುವುದು: ನೀಲಿ ತುಂಡನ್ನು ಬೆರಳಲ್ಲಿ ಎತ್ತಿ ಆಚೆಗೆ ಮಗುಚಿ. ಮಾರ್ಜಿನ್ ತಾನಾಗಿ ನೀಲಿಯ ಕೆಳಗೆ ಹೋಗುತ್ತದೆ, ಬಿಳಿಯ ಕೆಳಗೆ ನೀಲಿ ನೆರಳಾಗಿ ಕಾಣುವುದಿಲ್ಲ. ಉಗುರಿನಿಂದಲೋ ಮರದ ಚಮಚದ ಹಿಡಿಯಿಂದಲೋ ಹೊಲಿಗೆಯ ಗೆರೆಯುದ್ದಕ್ಕೂ ಒಮ್ಮೆ ಒತ್ತಿಕೊಳ್ಳಿ. ಮಡಿಕೆ ಪೂರ್ತಿ ತೆರೆದುಕೊಂಡಿದೆಯೇ ಎಂದು ಕಣ್ಣಲ್ಲಿ ನೋಡಿದ ಮೇಲೆಯೇ ಇಸ್ತ್ರಿ.

ಒತ್ತುವುದು: ಇಸ್ತ್ರಿಯನ್ನು ನೇರವಾಗಿ ಮೇಲಿನಿಂದ ಇಳಿಸಿ, 3ರಿಂದ 5 ಸೆಕೆಂಡು ಇಟ್ಟು, ನೇರವಾಗಿ ಎತ್ತಿ. ಉದ್ದದ ಹೊಲಿಗೆಯಾದರೆ ಎತ್ತಿ ಪಕ್ಕಕ್ಕಿಡಿ, ಮತ್ತೆ ಎತ್ತಿ ಪಕ್ಕಕ್ಕಿಡಿ. ಉಜ್ಜಬೇಡಿ. ಅಂಗಿ, ಸೀರೆಗೆ ಉಜ್ಜುವ ಕೈ ಅಭ್ಯಾಸ ಇಲ್ಲಿ ಬ್ಲಾಕನ್ನು ಕೆಡಿಸುತ್ತದೆ. ಇಸ್ತ್ರಿ ಮೇಜಿನ ನುಣುಪು ಹೊದಿಕೆಯ ಮೇಲೆ ಉಜ್ಜಿದರೆ ಬಟ್ಟೆ ಇಡಿಯಾಗಿ ಜಾರುತ್ತದೆ. ಉಣ್ಣೆಯ ಮೇಲೆ ಹಾಗಲ್ಲ, ಕೆಳಗಿನ ಪದರವನ್ನು ಮ್ಯಾಟ್ ಹಿಡಿದುಕೊಂಡಿರುತ್ತದೆ, ಮೇಲಿನದನ್ನು ಇಸ್ತ್ರಿ ಎಳೆಯುತ್ತದೆ. ಹೊಲಿಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಮಡಿಕೆ ಬಿದ್ದು ಅಲ್ಲೇ ಗಟ್ಟಿಯಾಗುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದರೆ ಅಳತೆಗೆ ಸಿಗುತ್ತದೆ. ಇಸ್ತ್ರಿಯ ಮೂತಿಯ ಮೇಲೆ ಮೈಭಾರ ಹಾಕುವುದೂ ತಪ್ಪು. ಮೂತಿ ಮ್ಯಾಟಿನೊಳಗೆ ಇಳಿದು ಬಟ್ಟೆ ತೊಟ್ಟಿಯಂತೆ ತಗ್ಗಾಗುತ್ತದೆ.

ತಣಿಯಲು ಬಿಡುವುದು: ಇಸ್ತ್ರಿ ಎತ್ತಿದ ಕೂಡಲೇ ಮರದ ದಿಮ್ಮಿಯನ್ನು ಹೊಲಿಗೆಯ ಮೇಲಿಟ್ಟು ಕೈಯಲ್ಲಿ ಹಗುರಾಗಿ ಒತ್ತಿ ಹಿಡಿದು 10ರಿಂದ 15 ಸೆಕೆಂಡು ಎಣಿಸಿ. ದಿಮ್ಮಿ ಇಲ್ಲದಿದ್ದರೆ ಬಟ್ಟೆಯನ್ನು ಮುಟ್ಟದೆ ಅರ್ಧ ನಿಮಿಷ ಬಿಡಿ. ಹತ್ತಿಯ ಎಳೆಗಳೊಳಗಿನ ಬಂಧಗಳು ಕಾವು ಮತ್ತು ತೇವಕ್ಕೆ ಸಡಿಲವಾಗಿ, ತಣಿದು ಒಣಗುವಾಗ ಮತ್ತೆ ಕಟ್ಟಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಬಟ್ಟೆ ಯಾವ ಆಕಾರದಲ್ಲಿದೆಯೋ ಅದೇ ಆಕಾರ ನಿಲ್ಲುತ್ತದೆ. ಬಿಸಿಯಿರುವಾಗ ಮೂಲೆ ಹಿಡಿದು ಎತ್ತಿದರೆ ಎಳೆದ ಮೂಲೆಯೇ ನಿಲ್ಲುತ್ತದೆ. ಉಣ್ಣೆಯ ಮ್ಯಾಟ್ ಕಾವು ಹಿಡಿದಿಡುವುದರಿಂದ ತಣಿಯಲು ಇಸ್ತ್ರಿ ಮೇಜಿಗಿಂತ ಹೆಚ್ಚು ಹೊತ್ತು ಬೇಕು. ಮ್ಯಾಟ್ ತಂದ ಮೇಲೆ ಬ್ಲಾಕ್ ಇನ್ನೂ ಸೊಟ್ಟವಾಯಿತು ಎನ್ನುವವರ ತೊಡಕು ಬಹುತೇಕ ಇದೇ. ಅಂಗೈ ಹಿಂಭಾಗ ಮುಟ್ಟಿಸಿ ನೋಡಿ, ಬೆಚ್ಚಗೂ ಇಲ್ಲವೆನಿಸಿದ ಮೇಲೆ ಎತ್ತಿ. ಒಟ್ಟಿಗೆ ಹಲವು ಬ್ಲಾಕ್ ಒತ್ತುವವರು ಮ್ಯಾಟಿನ ಎಡ ಅರ್ಧ, ಬಲ ಅರ್ಧ ಎಂದು ಸರದಿ ಮಾಡಿಕೊಂಡರೆ ಒಂದು ತಣಿಯುವಾಗ ಇನ್ನೊಂದನ್ನು ಒತ್ತಬಹುದು.

ಹಂತ 6: ಅಳೆಯದೆ ಮುಂದೆ ಹೋಗಬೇಡಿ

ತಣಿದ ಜೋಡಿ ತುಂಡು ಅಡ್ಡಕ್ಕೆ 6½ ಇಂಚು ಇರಬೇಕು. 6⅜ ಇದ್ದರೆ ಉಲ್ಟಾ ಬದಿಯಲ್ಲಿ ಹೊಲಿಗೆಯ ಮಾರ್ಜಿನ್ ಅಳೆಯಿರಿ. ಅದು ಕಾಲು ಇಂಚೇ ಇದ್ದರೆ ತಪ್ಪು ಇಸ್ತ್ರಿಯದು: ಹೊಲಿಗೆ ಪೂರ್ತಿ ತೆರೆದುಕೊಂಡಿಲ್ಲ. ನೀರು ಹನಿ ಚಿಮುಕಿಸಿ, ಮತ್ತೆ ಮುಚ್ಚಿ ಒತ್ತಿ, ಬಿಚ್ಚಿ ಒತ್ತಿ. ಮಾರ್ಜಿನ್ ಹೆಚ್ಚಿದ್ದರೆ ತಪ್ಪು ಹೊಲಿಗೆಯದು, ಎಷ್ಟು ಒತ್ತಿದರೂ ಸರಿಯಾಗದು, ಬಿಚ್ಚಲೇಬೇಕು.

ಬಡಗಿಗಳು ಒಂದು ನೂಲು ಎನ್ನುವಷ್ಟು, ಅಂದರೆ 1/8 ಇಂಚು, ಒಂದು ಬ್ಲಾಕಿನಲ್ಲಿ ಕಡಿಮೆಯಾದರೆ ಏನಂತೆ ಎನಿಸಬಹುದು. ಸಾಲಿನಲ್ಲಿ ಎಂಟು ಬ್ಲಾಕ್ ಇದ್ದರೆ ಒಂದು ಇಂಚು ಹೋಯಿತು. ಪಕ್ಕದ ಸಾಲಿನಲ್ಲಿ ಅದೇ ತಪ್ಪು ಆಗದಿದ್ದರೆ ಎರಡು ಸಾಲು ಕೂಡುವುದೇ ಇಲ್ಲ.

ಹಂತ 7: ಕ್ರಾಸ್ ತುಂಡುಗಳು, ಕೂಡುಮೂಲೆಗಳು

ಎರಡು ತ್ರಿಕೋನ ಸೇರಿಸಿದ ಚೌಕಗಳಲ್ಲಿ ಹೊಲಿಗೆ ಬಟ್ಟೆಯ ನೂಲಿಗೆ ಓರೆಯಾಗಿ, ಅಂದರೆ ಕ್ರಾಸ್‌ನಲ್ಲಿ ಬೀಳುತ್ತದೆ. ಕ್ರಾಸ್ ಬಟ್ಟೆ ರಬ್ಬರಿನಂತೆ ಎಳೆಯುತ್ತದೆಂದು ದರ್ಜಿಗಳಿಗೆ ಹೇಳಬೇಕಾಗಿಲ್ಲ. ಇಲ್ಲಿ ಇಸ್ತ್ರಿಯನ್ನು ಹೊಲಿಗೆಯುದ್ದಕ್ಕೂ ತಳ್ಳಿದರೆ ಚೌಕ ಹೋಗಿ ಗಾಳಿಪಟವಾಗುತ್ತದೆ. ಇಸ್ತ್ರಿಯ ಉದ್ದವನ್ನು ಬಟ್ಟೆಯ ನೇರ ನೂಲಿಗೆ ಹೊಂದುವಂತೆ ಹಿಡಿದು, ಇಳಿಸಿ ಎತ್ತಿ. ಹಬೆ ಬೇಡ. 2½ ಇಂಚಿನ ಚೌಕ ಬೇಕಿದ್ದರೆ 3 ಇಂಚಿನ ಬಟ್ಟೆಗಳಿಂದ ಹೊಲಿದು, ಒತ್ತಿ, ತಣಿದ ಮೇಲೆಯೇ 2½ಕ್ಕೆ ಕತ್ತರಿಸಿ. ಬಿಸಿಯಲ್ಲಿ ಕತ್ತರಿಸಿದ್ದು ತಣಿದ ಮೇಲೆ ಬೇರೆ ಅಳತೆಯಾಗುತ್ತದೆ.

ನಾಲ್ಕು ತುಂಡು ಕೂಡುವ ಕಡೆ, ಮೇಲಿನ ಜೋಡಿಯ ಮಾರ್ಜಿನ್ ಎಡಕ್ಕೆ, ಕೆಳಗಿನ ಜೋಡಿಯದು ಬಲಕ್ಕೆ ಒತ್ತಿಕೊಂಡಿದ್ದರೆ ಎರಡೂ ಬೆರಳು ಬೆಸೆದಂತೆ ಒಂದಕ್ಕೊಂದು ಕೂರುತ್ತವೆ. ಎಂಟು ತುದಿ ಕೂಡುವ ನಕ್ಷತ್ರದ ನಡುವಿನಲ್ಲಿ ಮಾತ್ರ ಮಾರ್ಜಿನ್‌ಗಳನ್ನು ಎರಡೂ ಕಡೆ ತೆರೆದು ಒತ್ತಿ, ಇಲ್ಲದಿದ್ದರೆ ಗಂಟು ಕಟ್ಟಿದಂತಾಗುತ್ತದೆ. ಮ್ಯಾಟ್ ಎಷ್ಟೇ ಮೆತ್ತಗಿದ್ದರೂ ಅಷ್ಟು ದಪ್ಪವನ್ನು ನುಂಗುವುದಿಲ್ಲ. ಅಲ್ಲಿಗೆ ದಿಮ್ಮಿ ಬೇಕೇ ಬೇಕು.

ಈಗಾಗಲೇ ಸೊಟ್ಟಾದ ಬ್ಲಾಕನ್ನು ಸರಿಪಡಿಸಲೂ ಇದೇ ಮ್ಯಾಟ್ ಬಳಸಬಹುದು. ಮಲ್‌ಮಲ್ ಮೇಲೆ ಪೆನ್ಸಿಲಿನಲ್ಲಿ 6½ ಇಂಚಿನ ಚೌಕ ಬರೆದು ಮ್ಯಾಟಿನ ಮೇಲೆ ಹಾಸಿ, ಬ್ಲಾಕನ್ನು ಆ ಗೆರೆಗೆ ಹೊಂದಿಸಿ, ಮೊದಲು ನಾಲ್ಕು ಮೂಲೆ, ಆಮೇಲೆ ಬದಿಗಳ ನಡುವೆ ಪಿನ್ನು ಓರೆಯಾಗಿ ಚುಚ್ಚಿ. ನೀರು ಮಂಜಿನಂತೆ ಚಿಮುಕಿಸಿ ಇಸ್ತ್ರಿಯನ್ನು ಅರ್ಧ ಇಂಚು ಮೇಲೆಯೇ ಹಿಡಿದು ಕಾವು ಕೊಡಿ. ಪೂರ್ತಿ ಒಣಗುವವರೆಗೆ ಪಿನ್ನು ತೆಗೆಯಬೇಡಿ. ಒಂದು ನೂಲಿನವರೆಗಿನ ವ್ಯತ್ಯಾಸ ಹೀಗೆ ಸರಿಯಾಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಎಳೆದು ಕೂರಿಸಿದರೆ ಮೊದಲ ಒಗೆತದಲ್ಲೇ ಮತ್ತೆ ಸೊಟ್ಟಗಾಗುತ್ತದೆ.

ಹಂತ 8: ಹಬೆ, ಗಂಜಿ, ಅಂಟು, ಸಿಂಥೆಟಿಕ್ ಬಟ್ಟೆ

ಹಬೆ ಬೇಕಿರುವುದು ಗಟ್ಟಿ ಮಡಿಕೆ ಬಿಡಿಸಲು, ದಪ್ಪ ಮೂಲೆ ಕೂರಿಸಲು. ಪ್ರತಿ ಹೊಲಿಗೆಗೂ ಬಿಟ್ಟರೆ ಹತ್ತು ನಿಮಿಷದಲ್ಲಿ ಮ್ಯಾಟೇ ಒದ್ದೆಯಾಗುತ್ತದೆ, ಒದ್ದೆ ಮ್ಯಾಟಿನ ಮೇಲೆ ಬಟ್ಟೆ ತಣಿಯುವುದೂ ಇಲ್ಲ, ಒಣಗುವುದೂ ಇಲ್ಲ. ಸ್ಟೀಮ್ ಐರನ್‌ನ ಕಾವು ಕಡಿಮೆ ಇಟ್ಟು ಹಬೆ ಬಿಟ್ಟರೆ ನೀರೇ ತೊಟ್ಟಿಕ್ಕುತ್ತದೆ. ಬೋರ್‌ವೆಲ್ ನೀರು ತುಂಬಿದ್ದರೆ ಅದರ ಜೊತೆ ಬಿಳಿ ಸುಣ್ಣದ ಪುಡಿಯೂ ಬೀಳುತ್ತದೆ. ಬಾಟಲಿಯಿಂದ ಬಟ್ಟೆಗೆ ಎರಡು ಸಲ ಚಿಮುಕಿಸಿ ಒಣ ಇಸ್ತ್ರಿಯಲ್ಲಿ ಒತ್ತುವುದೇ ಹೆಚ್ಚು ಹಿಡಿತದ ಕೆಲಸ.

ಗಂಜಿಯನ್ನು ಮ್ಯಾಟಿನ ಮೇಲೆ ಹಾಕಬೇಡಿ. ಬಟ್ಟೆಗೆ ಬೇರೆ ಕಡೆ ಹಾಕಿ, ಒಂದೆರಡು ನಿಮಿಷ ಹೀರಿಕೊಳ್ಳಲು ಬಿಟ್ಟು, ಮಲ್‌ಮಲ್ ಹಾಸಿದ ಮ್ಯಾಟಿಗೆ ತನ್ನಿ. ಮೇಲೆ ನಿಂತ ಗಂಜಿ ಕಾವಿಗೆ ಚಕ್ಕೆ ಎದ್ದು ಕಂದಾಗುತ್ತದೆ. ಅಕ್ಕಿ, ಮೈದಾ ಗಂಜಿ ಮ್ಯಾಟಿನಲ್ಲಿ ಉಳಿದರೆ ಹುಳುವಿಗೂ ಊಟವಾಗುತ್ತದೆ. ಮಲ್‌ಮಲ್ ಅನ್ನು ಆಗಾಗ ಒಗೆಯಿರಿ.

ಬಟ್ಟೆಯ ಆಕಾರಗಳನ್ನು ಕತ್ತರಿಸಿ ಇನ್ನೊಂದು ಬಟ್ಟೆಯ ಮೇಲೆ ಕೂರಿಸುವ ಅಪ್ಲಿಕ್‌ಗೆ ಬಳಸುವ ಅಂಟಿನ ಹಾಳೆ ಒತ್ತುವಾಗ ಕೆಳಗೆ ಟೆಫ್ಲಾನ್ ಹಾಳೆ ಇಲ್ಲವೇ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಇರಲಿ. ಬಟರ್ ಪೇಪರ್ ಎಂದು ಮಾರುವುದರಲ್ಲಿ ಕೆಲವು ಮೇಣದ್ದು, ಕರಗಿ ಮ್ಯಾಟಿಗೆ ಇಳಿಯುತ್ತದೆ. ಅಂಟು ಈಗಾಗಲೇ ಮ್ಯಾಟಿಗೆ ಹತ್ತಿದ್ದರೆ ಕೆರೆಯಬೇಡಿ. ಬೇಡದ ಹತ್ತಿ ಚಿಂದಿ ಇಟ್ಟು ಬಿಸಿ ಇಸ್ತ್ರಿ ಒತ್ತಿ, ಬಿಸಿಯಿರುವಾಗಲೇ ಕಿತ್ತು ತೆಗೆಯಿರಿ. ಹೊಸ ಚಿಂದಿಯಲ್ಲಿ ಎರಡು ಮೂರು ಸಲ ಮಾಡಿದರೆ ಹೆಚ್ಚಿನದು ಬರುತ್ತದೆ.

ಹಳೆಯ ಸೀರೆ, ಅಂಗಿಗಳ ತುಂಡಿನಿಂದ ಕ್ವಿಲ್ಟ್ ಅಥವಾ ಕೌದಿ ಮಾಡುವವರು ಪ್ರತಿ ಬಟ್ಟೆಯ ಮೂಲೆಯನ್ನೂ ಮೊದಲು ಸುಟ್ಟು ನೋಡಿ ಬೇರ್ಪಡಿಸಲಿ. ಪಾಲಿಯೆಸ್ಟರ್ ಮಿಶ್ರಿತ ತುಂಡು ಇಸ್ತ್ರಿ ಮೇಜಿನ ಮೇಲೆ ತಡೆದುಕೊಂಡ ಕಾವನ್ನು ಈ ಮ್ಯಾಟಿನ ಮೇಲೆ ತಡೆಯದೆ ಹೋಗಬಹುದು, ಕೆಳಗಿನಿಂದಲೂ ಕಾವಿದೆಯಲ್ಲ. ಅಂಥದ್ದಕ್ಕೂ ಜರಿಗೂ ಒಂದು ಚುಕ್ಕೆಯಿಂದ ಶುರುಮಾಡಿ, ಮೇಲೆ ಬಟ್ಟೆ ಹಾಕಿ ಒತ್ತಿ. ಕೆಂಪು, ಕಡು ನೀಲಿ ಬಣ್ಣ ಬಿಡುವ ಬಟ್ಟೆಯನ್ನು ಒದ್ದೆಯಾಗಿ ಮ್ಯಾಟಿಗೆ ತರಬೇಡಿ. ಇಂದು ಮ್ಯಾಟಿಗೆ ಹತ್ತಿದ ಬಣ್ಣ ನಾಳೆ ಬಿಳಿ ಬ್ಲಾಕಿಗೆ ಹತ್ತುತ್ತದೆ.

ಹಂತ 9: ಕೆಲಸ ಮುಗಿದ ಮೇಲೆ

ಇಸ್ತ್ರಿ ಆರಿಸಿದ ಕೂಡಲೇ ಮ್ಯಾಟ್ ಎತ್ತಿ ಅಡಿಯನ್ನು ಮುಟ್ಟಿ ನೋಡಿ. ಮೇಲೆ ಒಣಗಿದ್ದರೂ ಅಡಿ ಒದ್ದೆ ಇರುವುದೇ ಹೆಚ್ಚು. ಗೋಡೆಗೆ ಒರಗಿಸಿ ಅಂಚಿನ ಮೇಲೆ ನಿಲ್ಲಿಸಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ, ಒಂದು ರಾತ್ರಿ ಸಾಲದೇ ಹೋಗಬಹುದು. ಮುಗ್ಗಲು ವಾಸನೆ ಬಂತೆಂದರೆ ಬೂಸ್ಟು ಹಿಡಿಯುವ ಮುನ್ಸೂಚನೆ. ಆ ತಿಂಗಳುಗಳಲ್ಲಿ ಹಬೆಯನ್ನೇ ಬಳಸದಿರುವುದು ಮೇಲು.

ಮ್ಯಾಟನ್ನು ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಕುಗ್ಗಿ ಗಂಟುಗಟ್ಟುತ್ತದೆ. ಬ್ಲೀಚ್ ಸೋಕಿಸಲೇಬೇಡಿ, ಅದು ಉಣ್ಣೆಯನ್ನೇ ಕರಗಿಸುತ್ತದೆ. ದಾರದ ಚೂರು, ಜುಂಗನ್ನು ಬ್ರಶ್‌ನಲ್ಲಿ ತೆಗೆಯಿರಿ. ಕಲೆಯಾದರೆ ತಣ್ಣೀರಿಗೆ ಸ್ವಲ್ಪ ಅಂಟುವಾಳದ ನೊರೆ ಬೆರೆಸಿ, ಬಟ್ಟೆಯಲ್ಲಿ ಅದ್ದಿ ತಟ್ಟಿ ತಟ್ಟಿ ತೆಗೆದು ಒಣಗಿಸಿ. ತಿಳಿ ಕಂದು ಗುರುತುಗಳು ಬಳಕೆಯಿಂದ ಬರುವಂಥವು, ಅವುಗಳಿಂದ ಕೆಲಸಕ್ಕೆ ತೊಂದರೆಯಿಲ್ಲ. ಮುಟ್ಟಿದರೆ ಗರಿಗರಿಯಾಗಿ ಪುಡಿ ಉದುರುವ ಕಡುಕಂದು ಜಾಗವಿದ್ದರೆ ಉಣ್ಣೆ ಸೀದಿದೆ, ಇಸ್ತ್ರಿಯ ಕಾವು ಕಡಿಮೆ ಮಾಡಬೇಕು. ಇಸ್ತ್ರಿಯ ಆಕಾರದ ತಗ್ಗು ಬಿದ್ದಿದ್ದರೆ ಒದ್ದೆ ಮಲ್‌ಮಲ್ ಹಾಸಿ ಇಸ್ತ್ರಿಯನ್ನು ಭಾರ ಬಿಡದೆ ಮುಟ್ಟಿಸಿ, ಬ್ರಶ್‌ನಲ್ಲಿ ಎಳೆ ಎಬ್ಬಿಸಿ. ತಿಂಗಳಿಗೊಮ್ಮೆ ಮಗುಚಿ, ಕಾಲು ಸುತ್ತು ತಿರುಗಿಸಿ ಇಟ್ಟರೆ ಒಂದೇ ಜಾಗ ಸವೆಯುವುದಿಲ್ಲ.

ಎತ್ತಿಡುವಾಗ ಮಟ್ಟಸವಾಗಿ, ಹತ್ತಿಯ ದಿಂಬಿನ ಕವರಿನೊಳಗೆ. ಪ್ಲಾಸ್ಟಿಕ್ ಚೀಲ ಬೇಡ. ಒಣಗಿದ ಬೇವಿನ ಸೊಪ್ಪು ಜೊತೆಗಿಟ್ಟರೆ ನುಸಿ ದೂರವಿರುತ್ತದೆ, ಆದರೆ ಒಳಗೆ ಈಗಾಗಲೇ ಇರುವ ಮರಿಹುಳು ಅದರಿಂದ ಸಾಯದು. ನುಸಿಗುಳಿಗೆ ಹಾಕಬೇಡಿ. ಅದರ ಆವಿ ಉಣ್ಣೆಯಲ್ಲಿ ಕೂತು, ಇಸ್ತ್ರಿಯ ಕಾವಿಗೆ ಎದ್ದು ನಿಮ್ಮ ಮುಖಕ್ಕೇ ಬರುತ್ತದೆ. ತಿಂಗಳಿಗೊಮ್ಮೆ ತೆಗೆದು ಎರಡೂ ಬದಿ ಎರಡು ಮೂರು ಗಂಟೆ ಬಿಸಿಲಿಗಿಟ್ಟು ಕೊಡವಿ. ಸಣ್ಣ ತೂತು, ಮರಳಿನಂಥ ಹಿಕ್ಕೆ, ಅಕ್ಕಿ ಕಾಳಿನಂಥ ಗೂಡು ಕಂಡರೆ ಮ್ಯಾಟನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಬಿಗಿದು, -18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹೊರಗಿಡಬೇಕು, ಇಲ್ಲದಿದ್ದರೆ ತಣ್ಣನೆಯ ಉಣ್ಣೆಗೆ ಹೊರಗಿನ ತೇವ ಹಿಡಿಯುತ್ತದೆ. ನಂತರ ಬ್ರಶ್ ಮಾಡಿ ಬಳಸಿ.